ಸೀಫುಡ್ ಪಾಸ್ತಾ: ಬಾಣಲೆ ತುಂಬ ಬೂದು ನೀರು, ಸಿಗಡಿ ರಬ್ಬರ್, ಸಾಸ್ ಅಂಟ್ತಾನೇ ಇಲ್ಲ

ಹಸಿದವ_22:
ತಲೆ ಕೆಟ್ಟು ಹೋಗಿದೆ. 20 ನಿಮಿಷದ ಅಡುಗೆ ಅಂತ ಎಲ್ಲ ಕಡೆ ಬರೆದಿರ್ತಾರೆ, ಇಲ್ಲಿ ಪ್ರತಿ ಸಲ ಇದೇ ಗೋಳು. ಎಣ್ಣೆ, ಬೆಳ್ಳುಳ್ಳಿ, ಆಮೇಲೆ ಸಿಗಡಿ. ಒಂದು ನಿಮಿಷ ಆಗೋದ್ರೊಳಗೆ ಬಾಣಲೆ ತುಂಬ ಬೂದು ನೀರು. ಅದು ಇಂಗೋವರೆಗೆ ಕಾದರೆ ಸಿಗಡಿ ರಬ್ಬರ್. ಕಾಯದೆ ಸ್ಪಗೆಟಿ ಸುರಿದರೆ ತಟ್ಟೆ ತಳದಲ್ಲಿ ಕೆರೆ. ಬೆಣ್ಣೆ ಜಾಸ್ತಿ ಮಾಡಿ ನೋಡಾಯ್ತು, ಕ್ರೀಮ್ ಹಾಕಿ ನೋಡಾಯ್ತು. ರೆಸಿಪಿಯಲ್ಲಿ ಇದ್ದ ಹಾಗೇ ಮಾಡ್ತಿದ್ದೀನಿ. ಏನು ಎಡವಟ್ಟು?

ಕಬ್ಬಿಣದ_ಕಾವಲಿ:
ಬಾಣಲೆ ಕಾದಿಲ್ಲ, ಅಷ್ಟೇ. ನಾನ್‌ಸ್ಟಿಕ್ ಇರಬೇಕು ನಿಮ್ಮದು. ತೆಳ್ಳನೆ ಅಲ್ಯೂಮಿನಿಯಂ, ತಣ್ಣಗಿರೋದು ಬಿದ್ದ ತಕ್ಷಣ ಕಾವು ಕುಸಿಯುತ್ತೆ. ಸಿಗಡಿ ಹುರಿಯೋ ಬದಲು ತನ್ನ ನೀರಲ್ಲೇ ಬೇಯುತ್ತೆ. ಕಾಸ್ಟ್ ಐರನ್ ತಗೊಳ್ಳಿ, ಹೊಗೆ ಬರೋ ಹಾಗೆ ಕಾಯಿಸಿ, ಸಮಸ್ಯೆ ಮುಗೀತು.

ಗ್ರಾಂ_ಲೆಕ್ಕ:
ಬಾಣಲೆ ಆಮೇಲೆ. ಸಿಗಡಿ ತಾಜಾನಾ, ಫ್ರೋಜನ್ನಾ? ಎಷ್ಟು ಗ್ರಾಂ? ಬಾಣಲೆಯ ಅಗಲ ಎಷ್ಟು? ಪಾಸ್ತಾ ಎಷ್ಟು ಲೀಟರ್ ನೀರಲ್ಲಿ ಬೇಯಿಸ್ತೀರಿ? ಇದು ಯಾವುದೂ ಹೇಳದೆ "ರೆಸಿಪಿ ಪ್ರಕಾರ" ಅಂದರೆ ಏನು ಅರ್ಥ ಮಾಡ್ಕೊಳ್ಳೋದು?

ಹಸಿದವ_22:
ಮಾಮೂಲಿ ಸಿಗಡಿ. ಪ್ಯಾಕೆಟ್ 500 ಗ್ರಾಂ. ಬಾಣಲೆ 24 ಸೆಂ.ಮೀ., ನಾನ್‌ಸ್ಟಿಕ್, ಇಂಡಕ್ಷನ್ ಒಲೆ. ಪಾಸ್ತಾ 200 ಗ್ರಾಂ, ನೀರು ದೊಡ್ಡ ಪಾತ್ರೆ ತುಂಬ, ಒಂದು 5 ಲೀಟರ್ ಇರಬಹುದು.

ಕಬ್ಬಿಣದ_ಕಾವಲಿ:
ನೋಡಿ, ನಾನ್‌ಸ್ಟಿಕ್. ಹೇಳಿದ್ನಲ್ಲ. ಅದನ್ನ 260 ಡಿಗ್ರಿ ದಾಟಿಸಿದರೆ ಲೇಪ ಕೆಡುತ್ತೆ, ಹಾಗಾಗಿ ಹೆದರಿ ಕಾಯಿಸಲ್ಲ ಯಾರೂ. 2.5 ಕಿಲೋ ತೂಕದ ಕಾಸ್ಟ್ ಐರನ್‌ನಲ್ಲಿ ಹಿಡಿದಿಟ್ಟ ಶಾಖ ಆ ನೀರನ್ನ ಹುಟ್ಟೋಕೂ ಬಿಡಲ್ಲ.

ಗ್ರಾಂ_ಲೆಕ್ಕ:
ಹುಟ್ಟೋಕೆ ಬಿಡಲ್ವಾ? ಲೆಕ್ಕ ಹಾಕೋಣ. 100 ಗ್ರಾಂ ನೀರು ಆವಿಯಾಗೋಕೆ ಸುಮಾರು 226 ಕಿಲೋಜೂಲ್ ಬೇಕು. ನಿಮ್ಮ 2.5 ಕಿಲೋ ಕಬ್ಬಿಣ 220 ಡಿಗ್ರಿಯಿಂದ 100ಕ್ಕೆ ಇಳಿಯುವಾಗ ಬಿಟ್ಟುಕೊಡೋದು ಹೆಚ್ಚುಕಮ್ಮಿ 140. ಅಂದರೆ 60 ಗ್ರಾಂ ನೀರು, ಅದೂ ಸಿಗಡಿಗೆ ಒಂದಿಷ್ಟೂ ಶಾಖ ಹೋಗದಿದ್ದರೆ. ಒಲೆಯಿಂದ 1500 ವ್ಯಾಟ್ ಪೂರ್ತಿ ಪಾತ್ರೆಗೆ ಸೇರಿದರೂ 100 ಗ್ರಾಂ ನೀರಿಗೆ ಎರಡೂವರೆ ನಿಮಿಷ. ಮಧ್ಯಮ ಗಾತ್ರದ ಸಿಗಡಿ ಬೇಯೋಕೆ ಒಟ್ಟು ಎರಡು ನಿಮಿಷ ಸಾಕು. ನೀರು ಒಣಗಿಸೋ ಓಟದಲ್ಲಿ ಸಿಗಡಿ ಯಾವಾಗಲೂ ಸೋಲುತ್ತೆ. ಆದ್ದರಿಂದ ನೀರು ಬಾಣಲೆಗೆ ಬರೋ ಮೊದಲೇ ತಡೀಬೇಕು.

ಇನ್ನೊಂದು ವಿಷಯ. ಇವರು ಬೆಳ್ಳುಳ್ಳಿ ಮೊದಲು ಹಾಕ್ತಾರೆ. ಹೊಗೆಯಾಡೋ ಕಾವಲಿಗೆ ಬೆಳ್ಳುಳ್ಳಿ ಹಾಕಿದರೆ ಕ್ಷಣದಲ್ಲಿ ಕರಕಲು.

ಕಬ್ಬಿಣದ_ಕಾವಲಿ:
ಬೆಳ್ಳುಳ್ಳಿ ಆಮೇಲೆ ಹಾಕಿದರಾಯ್ತು. ಅಡುಗೆಮನೆ ಪ್ರಯೋಗಶಾಲೆ ಅಲ್ಲ ಸ್ವಾಮಿ.

ಉಪ್ಪುಗಾಳಿ:
ಇಬ್ಬರೂ ಸ್ವಲ್ಪ ಸುಮ್ನಿರಿ. ಹಸಿದವ, ಆ ಪ್ಯಾಕೆಟ್ ಹಿಂಭಾಗ ಏನು ಬರೆದಿದೆ? E451, E452 ಅಥವಾ ಟ್ರೈಪಾಲಿಫಾಸ್ಫೇಟ್ ಅಂತ ಇದೆಯಾ? ಹಾಕೋ ಮುಂಚೆ ಸಿಗಡಿ ಬೂದು ಬಣ್ಣ ಇತ್ತಾ, ಗುಲಾಬಿನಾ?

ಹಸಿದವ_22:
E451 ಇದೆ. ಬಣ್ಣ ಗುಲಾಬಿ, ಸಿಗಡಿ ಅಂದ್ರೆ ಗುಲಾಬಿನೇ ಅಲ್ವಾ? ಪ್ಯಾಕೆಟ್ ಹೆಸರು ಸೀಫುಡ್ ಮಿಕ್ಸ್, ಜೊತೆಗೆ ಸ್ಕ್ವಿಡ್ ರಿಂಗ್, ಮಸ್ಸೆಲ್ ಕೂಡ ಇವೆ. ಫ್ರೀಜರಿಂದ ತೆಗೆದು ನೇರ ಬಾಣಲೆಗೆ. "ಕರಗಿಸೋ ಅಗತ್ಯ ಇಲ್ಲ" ಅಂತ ಅವರೇ ಬರೆದಿದ್ದಾರೆ.

ಗ್ರಾಂ_ಲೆಕ್ಕ:
ಇದನ್ನ ಮೊದಲನೇ ಸಾಲಲ್ಲೇ ಹೇಳಬಾರದಿತ್ತಾ!

ಉಪ್ಪುಗಾಳಿ:
ಸರಿ, ಈಗ ತಿಳೀತು. ಇಲ್ಲಿ ನೀರಿಗೆ ಎರಡು ಮೂಲ ಇವೆ. ಒಂದು ಗ್ಲೇಜ್, ಅಂದರೆ ತುಂಡುಗಳ ಮೇಲೆ ಬೇಕಂತಲೇ ಕೂರಿಸಿದ ಮಂಜುಗಡ್ಡೆ ಪದರ. ಒಣಗದೆ ಇರಲಿ ಅಂತ ಹಾಕ್ತಾರೆ, ಆದರೆ ಕರಗಿದ ಮೇಲೆ ಅದು ನಿಮ್ಮ ಸಾಸಿನೊಳಗಿನ ನೀರೇ. ಎರಡನೆಯದು ಫಾಸ್ಫೇಟ್, ಅಂದರೆ ನಿಮ್ಮ ಪ್ಯಾಕೆಟ್‌ನಲ್ಲಿರೋ ಆ E451. ಅದು ಮಾಂಸ ನೀರನ್ನು ಹೀರಿ ಹಿಡಿದುಕೊಳ್ಳೋ ಹಾಗೆ ಮಾಡುತ್ತೆ. ಬಿಸಿ ತಗುಲಿದಾಗ ಅದರಲ್ಲಿ ಒಂದು ಪಾಲು ಹೊರಗೆ ಬರುತ್ತೆ, ಕರಗಿದ ಪ್ರೋಟೀನ್ ಸಮೇತ. ನೀವು ನೋಡ್ತಿರೋ ಬೂದು ನೊರೆ ಅದೇ.

ಗುಲಾಬಿ ಇದ್ದರೆ ಅದು ಆಗಲೇ ಬೆಂದಿದೆ. ಹಸಿ ಸಿಗಡಿ ಸಾಮಾನ್ಯವಾಗಿ ಬೂದು, ಅರೆಪಾರದರ್ಶಕ. ಕೆಲವು ಜಾತಿಗಳು ಹಸಿಯಲ್ಲೂ ಕೆಂಪಗೆ ಇರ್ತವೆ, ಹಾಗಾಗಿ ಒಂದನ್ನ ಕತ್ತರಿಸಿ ನೋಡಿ: ಒಳಗೆ ಬಿಳಿಯಾಗಿ, ಮಬ್ಬಾಗಿದ್ದರೆ ಬೆಂದದ್ದು. ಇಂಥ ಮಿಕ್ಸ್‌ಗಳಲ್ಲಿ ಚಿಪ್ಪು ಬಿಡಿಸಿದ ಮಸ್ಸೆಲ್ ಸಾಮಾನ್ಯವಾಗಿ ಬೆಂದೇ ಇರುತ್ತೆ. ಬೆಂದದ್ದನ್ನ ಮತ್ತೆ ಐದಾರು ನಿಮಿಷ ಬೇಯಿಸಿದರೆ ಯಾವ ಲೋಹದ ಬಾಣಲೆಯಾದರೂ ರಬ್ಬರೇ.

ಮಾಡಬೇಕಾದ್ದು: ಹಿಂದಿನ ರಾತ್ರಿಯೇ ಜಾಲರಿ ಮೇಲೆ ಹರಡಿ, ಕೆಳಗೆ ತಟ್ಟೆ ಇಟ್ಟು, ಮುಚ್ಚಿ ಫ್ರಿಜ್ಜಿನಲ್ಲಿ ಕರಗಿಸಿ. ಮರೆತಿದ್ದರೆ ಬಿಗಿಯಾಗಿ ಮುಚ್ಚಿದ ಕವರಿನಲ್ಲಿ ಹಾಕಿ, ತಣ್ಣೀರಲ್ಲಿ ಅರ್ಧ ಗಂಟೆ. ಬಿಸಿನೀರು ಬೇಡ, ಹೊರಮೈ ಬೆಂದುಹೋಗುತ್ತೆ. ಕರಗಿಸುವ ಮೊದಲು ಒಮ್ಮೆ, ಸೋಸಿದ ಮೇಲೆ ಒಮ್ಮೆ ತೂಕ ನೋಡಿ. ನಡುವಿನ ವ್ಯತ್ಯಾಸ ಅಷ್ಟೂ ಬಾಣಲೆಗೆ ಹೋಗ್ತಿದ್ದ ನೀರು. ಆಮೇಲೆ ಪೇಪರ್ ಟವೆಲ್ ಮೇಲೆ ಒತ್ತಿ ಒಣಗಿಸಿ. ಒರೆಸಿದರೆ ಸಾಲದು, ಒತ್ತಬೇಕು. ಮೂರನ್ನೂ ಬೇರೆ ಬೇರೆ ಮಾಡಿ. ಸ್ಕ್ವಿಡ್ ಹಸಿಯಿದ್ದರೆ ಜೋರು ಉರಿಯಲ್ಲಿ 60ರಿಂದ 90 ಸೆಕೆಂಡ್. ಎರಡು ನಿಮಿಷ ದಾಟಿದರೆ ಗಟ್ಟಿಯಾಗುತ್ತೆ, ಮತ್ತೆ ಮೆತ್ತಗಾಗಬೇಕಾದರೆ ಸಣ್ಣ ಉರಿಯಲ್ಲಿ 40 ನಿಮಿಷ ಬೇಕು, ನಡುವೆ ಒಳ್ಳೇ ಜಾಗ ಇಲ್ಲ. ಬೆಂದ ಸಿಗಡಿ, ಮಸ್ಸೆಲ್ ಎರಡನ್ನೂ ಹುರಿಯಲೇಬೇಡಿ. ಪಾಸ್ತಾ ಸಾಸಿಗೆ ಸೇರಿದ ಮೇಲೆ ಕೊನೆಯ ಒಂದು ನಿಮಿಷ, ಪೂರ್ತಿ ಬಿಸಿಯಾಗೋವರೆಗೆ ಮಾತ್ರ.

ನಿಂಬೆಹುಳಿ_ನಿಂಗ:
ಸಿಗಡಿಗೆ ಅಡುಗೆ ಸೋಡಾ ಸವರೋದು ಯಾರೂ ಹೇಳ್ತಿಲ್ಲ ಯಾಕೆ? 450 ಗ್ರಾಂಗೆ ಕಾಲು ಚಮಚ ಸೋಡಾ, ಅರ್ಧ ಚಮಚ ಉಪ್ಪು, 15 ನಿಮಿಷ ಫ್ರಿಜ್ಜಲ್ಲಿ. ಕಚ್ಚಿದರೆ ಗರಿಗರಿ.

ಉಪ್ಪುಗಾಳಿ:
ಅದು ಏನೂ ಬೆರೆಸದ ಹಸಿ ಸಿಗಡಿಗೆ. ಫಾಸ್ಫೇಟ್ ಇರೋದಕ್ಕೆ ಸೋಡಾ ಹಾಕಬೇಡಿ. ಅದು ಆಗಲೇ ಕ್ಷಾರದ ಕಡೆ ವಾಲಿರುತ್ತೆ, ಇನ್ನಷ್ಟು ಸೇರಿದರೆ ಸೋಪಿನ ರುಚಿ. ಬೆಂದ ಸಿಗಡಿಗಂತೂ ಯಾವ ಉಪಯೋಗವೂ ಇಲ್ಲ.

ಗ್ರಾಂ_ಲೆಕ್ಕ:
ಸಾಸ್ ಅಂಟದೆ ಇರೋದು ಬೇರೆ ರೋಗ. 200 ಗ್ರಾಂ ಪಾಸ್ತಾಗೆ 5 ಲೀಟರ್ ನೀರು ಅತಿಯಾಯ್ತು, ಪಿಷ್ಟ ತೆಳುವಾಗಿಬಿಡುತ್ತೆ. ಎಣ್ಣೆ ಮತ್ತು ನೀರು ಕೂಡಿ ಸಾಸ್ ಆಗಬೇಕಾದರೆ ಆ ಪಿಷ್ಟವೇ ಬೇಕು. 2 ಲೀಟರಿಗೆ ಇಳಿಸಿ, ಮೊದಲ ಎರಡು ನಿಮಿಷ ಕಲಕುತ್ತಿರಿ. ಉಪ್ಪು ಲೀಟರಿಗೆ 10 ಗ್ರಾಂ ಅಂತಾರೆ, ಇಲ್ಲಿ 7 ಸಾಕು. ಆ ನೀರು ಬಾಣಲೆಯಲ್ಲಿ ಕುದ್ದು ಗಟ್ಟಿಯಾಗುತ್ತೆ, ಮೀನು ಪದಾರ್ಥದಲ್ಲೂ ಉಪ್ಪಿರುತ್ತೆ. ಪ್ಯಾಕೆಟ್‌ನಲ್ಲಿ 11 ನಿಮಿಷ ಇದ್ದರೆ 9ಕ್ಕೆ ಎತ್ತಿ. ಬಾಣಲೆಯಲ್ಲಿ 30 ಮಿ.ಲೀ. ಆಲಿವ್ ಎಣ್ಣೆ, ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗೋ ಹೊತ್ತಿಗೆ 150 ಮಿ.ಲೀ. ಪಾಸ್ತಾ ನೀರು, ಅದರಲ್ಲಿ ಸ್ಪಗೆಟಿ ಎರಡು ನಿಮಿಷ ಜೋರಾಗಿ ಕುದಿಸ್ತಾ ಎತ್ತಿ ಹಾಕ್ತಾ ಇರಿ. ಕ್ರೀಮ್ ಬೇಕಾಗಲ್ಲ.

ನಿಂಬೆಹುಳಿ_ನಿಂಗ:
ಪಾಸ್ತಾ ಕುದಿಯುವಾಗ ಒಂದು ಚಮಚ ಎಣ್ಣೆ ಹಾಕಿ, ಅಂಟಿಕೊಳ್ಳಲ್ಲ. ಕೊನೆಗೆ ಮೇಲೆ ಒಂದು ಹಿಡಿ ಪಾರ್ಮೆಸಾನ್.

ಕಬ್ಬಿಣದ_ಕಾವಲಿ:
ಸೀಫುಡ್‌ಗೆ ಚೀಸಾ? ಇಟಲಿಯಲ್ಲಿ ಹೀಗೆ ಕೇಳಿದರೆ ತಟ್ಟೆ ವಾಪಸ್ ಒಯ್ತಾರೆ.

ನಿಂಬೆಹುಳಿ_ನಿಂಗ:
ದಕ್ಷಿಣ ಇಟಲಿಯಲ್ಲೇ ಮಸ್ಸೆಲ್ ಜೊತೆ ಪೆಕೊರಿನೊ ತಿಂತಾರೆ. ಅವರ ತಟ್ಟೆ ಯಾರು ಒಯ್ತಾರೆ?

ಗ್ರಾಂ_ಲೆಕ್ಕ:
ಚೀಸ್ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಎಣ್ಣೆ ಮಾತ್ರ ಬೇಡ. ಅದು ನೀರಿನ ಮೇಲೆ ತೇಲುತ್ತೆ, ಸೋಸುವಾಗ ಪಾಸ್ತಾಗೆ ಮೆತ್ತಿಕೊಂಡು ಸಾಸ್ ಜಾರಿಸುತ್ತೆ. ಅಂಟದಿರೋಕೆ ಕಲಕಿದರೆ ಸಾಕು.

ಹಸಿದವ_22:
ಕರಗಿಸಿ ತೂಗಿದೆ. ಪ್ಯಾಕೆಟ್‌ನಲ್ಲಿ 500 ಇದ್ದದ್ದು ಸೋಸಿ ಒತ್ತಿದ ಮೇಲೆ 365! ಕೆರೆ ಮಾಯ. ಸಿಗಡಿ ಪರವಾಗಿಲ್ಲ, ಇನ್ನೂ ಸ್ವಲ್ಪ ಗಟ್ಟಿ. ಆದರೆ ಈಗ ಹೊಸ ತಲೆನೋವು: ಸಾಸ್ ಮೊದಲು ಚೆನ್ನಾಗಿ ಕೂಡಿತ್ತು, ಬಡಿಸೋ ಹೊತ್ತಿಗೆ ಎಣ್ಣೆ ಬೇರೆಯಾಗಿ ನಿಂತಿತು.

ಉಪ್ಪುಗಾಳಿ:
ಆ ಗಟ್ಟಿತನ ಪೂರ್ತಿ ಹೋಗಲ್ಲ, ಕಾರ್ಖಾನೆಯಲ್ಲೇ ಬೆಂದು ಬಂದಿದೆ. ಮೆತ್ತಗೆ ಬೇಕಾದರೆ ಪದಾರ್ಥಗಳ ಪಟ್ಟಿಯಲ್ಲಿ ಸಿಗಡಿ, ಹೆಚ್ಚೆಂದರೆ ಉಪ್ಪು, ಇಷ್ಟೇ ಇರೋ ಹಸಿ ಪ್ಯಾಕೆಟ್ ಹುಡುಕಿ. ಚಿಪ್ಪಿನ ಸಮೇತ ಸಿಕ್ಕರೆ ಇನ್ನೂ ಒಳ್ಳೇದು, ಸಿಪ್ಪೆ ಎಣ್ಣೆಯಲ್ಲಿ ಹುರಿದು 200 ಮಿ.ಲೀ. ನೀರಲ್ಲಿ 10 ನಿಮಿಷ ಕುದಿಸಿದರೆ ಸಾಸಿಗೆ ಬೇಕಾದ ರುಚಿ ಅಲ್ಲೇ ಇದೆ. ಅಂಥ ಸಿಗಡಿ 28 ಸೆಂ.ಮೀ. ಬಾಣಲೆಯಲ್ಲಿ ಎರಡು ಕಂತು, ಒಂದು ಬದಿ 60 ಸೆಕೆಂಡ್, ಇನ್ನೊಂದು 30, ತೆಗೆದಿಡಿ.

ಗ್ರಾಂ_ಲೆಕ್ಕ:
ಎಣ್ಣೆ ಬೇರೆಯಾದರೆ ನೀರು ಅತಿಯಾಗಿ ಇಂಗಿದೆ ಅಂತ. ಇಂಡಕ್ಷನ್ ಆಫ್ ಮಾಡಿದ ಮೇಲೂ ಬಾಣಲೆ ಬಿಸಿ ಇರುತ್ತೆ, ಪಾಸ್ತಾ ಕೂಡ ಹೀರ್ತಾನೇ ಇರುತ್ತೆ. ಒಂದು ಬಟ್ಟಲು ಪಾಸ್ತಾ ನೀರು ಪಕ್ಕಕ್ಕಿಟ್ಟಿರಿ. ಒಲೆಯಿಂದ ಇಳಿಸಿ ಎರಡು ಚಮಚ ಹಾಕಿ 20 ಸೆಕೆಂಡ್ ಜೋರಾಗಿ ಆಡಿಸಿ, ಮತ್ತೆ ಕೂಡುತ್ತೆ. ತಟ್ಟೆಗೆ ಹಾಕುವಾಗ ಸಾಸ್ ಸ್ವಲ್ಪ ಸಡಿಲ ಅನ್ನಿಸಬೇಕು. ನಿಂಬೆರಸ ಕೊನೆಗೆ, ಒಲೆಯಿಂದ ಇಳಿಸಿದ ಮೇಲೆ.

ಕಬ್ಬಿಣದ_ಕಾವಲಿ:
ಹಸಿ ಸಿಗಡಿ ತಂದಾಗ ಕಾರ್ಬನ್ ಸ್ಟೀಲ್ ಬಾಣಲೆ ಬೇಕೇ ಬೇಕು, ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ 30 ಸೆಂ.ಮೀ., 2.5 ಮಿ.ಮೀ. ದಪ್ಪದ್ದಿದೆ, ಅಗಸೆ ಎಣ್ಣೆಯಲ್ಲಿ ಪಳಗಿಸಿದ್ದು. ಫೋಟೋ ಹಾಕ್ತೀನಿ.

ನಿಂಬೆಹುಳಿ_ನಿಂಗ:
ಅಗಸೆ ಎಣ್ಣೆ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಮೇಲಿಂದ ಅದರಲ್ಲಿ ನಿಂಬೆ, ವೈನ್ ಕುದಿಸಿದರೆ ಲೋಹದ ರುಚಿ.

ಕಬ್ಬಿಣದ_ಕಾವಲಿ:
ತೆಳುವಾಗಿ ಸವರಿದರೆ ಏಳಲ್ಲ. ಎರಡು ನಿಮಿಷದ ವೈನ್‌ಗೆ ಏನೂ ಆಗಲ್ಲ.

ಹಸಿದವ_22:
ಪಾಸ್ತಾ ನೀರು ಪಕ್ಕಕ್ಕಿಡೋದು ಕೆಲಸ ಮಾಡ್ತು. ಮುಂದಿನ ವಾರ ಚಿಪ್ಪಿನ ಸಮೇತ ಮಸ್ಸೆಲ್ ತರೋ ಯೋಚನೆ ಇದೆ. ಅದನ್ನೂ ಮೊದಲೇ ಒತ್ತಿ ಒಣಗಿಸಬೇಕಾ?