ಮೇಲ್ ಸರ್ವರಿನ ರಿಲೇ ಮತ್ತು ಸ್ಪ್ಯಾಮ್: ಪೆಟ್ಟು ತಿಂದವರ ಅನುಭವ

ಪ್ರಶ್ನೆ

40 ಜನರ ಸಂಸ್ಥೆಯೊಂದರ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೇನೆ; ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ ಬಳಸುತ್ತೇವೆ. ಮೂರು ದಿನಗಳಿಂದ ಯಾರೋ ನಮ್ಮ ಸರ್ವರಿನ ಮೂಲಕ ಕಂಡಕಂಡವರಿಗೆಲ್ಲ ಮೇಲ್ ಕಳಿಸುತ್ತಿದ್ದಾರೆ. ನಮ್ಮ ಐಪಿ ವಿಳಾಸ ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಗೆ ಸೇರಿದೆ. ಒಳಬರುವ ಸ್ಪ್ಯಾಮ್ ಕಾಟ ಬೇರೆ. ಎಲ್ಲಿಂದ ಸರಿಪಡಿಸುತ್ತ ಬರಬೇಕು? ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಉತ್ತರ

ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಬೇಡಿ. ಹೊರಗೆ ಹೋಗುತ್ತಿರುವುದನ್ನು ಇವತ್ತೇ ನಿಲ್ಲಿಸಿ. ಒಳಗೆ ಬರುವುದನ್ನು ಒಂದು ತಿಂಗಳು ಹಿಡಿದು ಸರಿಮಾಡಿದರೂ ನಷ್ಟವಿಲ್ಲ.

ರಿಲೇ ಎಂದರೆ ಬಂದ ಮೇಲನ್ನು ನಮ್ಮ ಸರ್ವರ್ ಹೊರಗಿನವರಿಗೆ ದಾಟಿಸುವುದು. ಅದರ ನಿಯಮ ಬಹಳ ಚಿಕ್ಕದು. ನಮ್ಮ ಜಾಲದವರು ಮತ್ತು ಪಾಸ್‌ವರ್ಡ್ ಕೊಟ್ಟು ಬಂದವರು ಯಾರಿಗೆ ಬೇಕಾದರೂ ಕಳಿಸಬಹುದು. ಉಳಿದವರಿಂದ ನಮ್ಮ ಡೊಮೇನಿನವರಿಗೆ ಬಂದ ಮೇಲನ್ನು ಮಾತ್ರ ತೆಗೆದುಕೊಳ್ಳಬೇಕು. ಪೋಸ್ಟ್‌ಫಿಕ್ಸ್ 2.10ರಿಂದ ಈಚೆಗೆ ಇದಕ್ಕೆಂದೇ ‘ರಿಲೇ ರೆಸ್ಟ್ರಿಕ್ಷನ್ಸ್’ ಎಂಬ ಪ್ರತ್ಯೇಕ ಸಾಲು ಇದೆ, ಮೊದಲಿನಿಂದಲೇ ಸರಿಯಾಗಿ ತುಂಬಿರುತ್ತದೆ. ನನ್ನಲ್ಲೂ ಸರಿಯಾಗಿಯೇ ಇತ್ತು. ಆದರೂ ಬೆಳಗಾಗುವಷ್ಟರಲ್ಲಿ ಕ್ಯೂ (ಹೊರಡಲು ಕಾದಿರುವ ಮೇಲುಗಳ ಸರದಿ) ತುಂಬಿ ತುಳುಕುತ್ತಿತ್ತು.

ಲಾಗ್ (ಸರ್ವರ್ ಬರೆದಿಡುವ ದಿನಚರಿ) ತೆರೆದು ನೋಡಿದೆ. ಹೊರಗಿನಿಂದ ಯಾರೇ ಬಂದಿರಲಿ, ಬಂದವರ ವಿಳಾಸ ಒಂದೇ: 172.17.0.1. ಸಾಲು ಸಾಲಾಗಿ ಅದೇ. ಸರ್ವರನ್ನು ನಾನು ಡಾಕರ್ ಕಂಟೇನರಿನೊಳಗೆ (ತಂತ್ರಾಂಶವನ್ನು ಬೇರೆಯಾಗಿ ಓಡಿಸುವ ಪೆಟ್ಟಿಗೆಯಂಥ ವ್ಯವಸ್ಥೆ) ಇಟ್ಟಿದ್ದೆ. ಅಲ್ಲಿನ ಜಾಲವ್ಯವಸ್ಥೆ ಹೊರಗಿನವರ ನಿಜವಾದ ವಿಳಾಸವನ್ನು ಮರೆಮಾಡಿ ತನ್ನ ಗೇಟ್‌ವೇ ವಿಳಾಸವನ್ನು ತೋರಿಸುತ್ತಿತ್ತು. ನಮ್ಮ ಜಾಲದ ವಿಳಾಸಗಳನ್ನು ಹೇಳುವ ‘ಮೈನೆಟ್‌ವರ್ಕ್ಸ್’ ಸಾಲಿನಲ್ಲಿ 172.16.0.0/12 (172.16ರಿಂದ 172.31ರವರೆಗೆ ಶುರುವಾಗುವ ಎಲ್ಲ ವಿಳಾಸಗಳು) ಎಂದು ಬರೆದವನು ನಾನೇ. ಹೀಗಾಗಿ ಬಂದವರೆಲ್ಲರೂ ಮನೆಯವರೇ ಆಗಿಬಿಟ್ಟರು. ಸರ್ವರಿನ ಮುಂದೆ ಫೈರ್‌ವಾಲ್ ಅಥವಾ ಪ್ರಾಕ್ಸಿ ಇಟ್ಟವರಿಗೂ ಇದೇ ಗತಿ ಬರಬಹುದು.

ಈಗ ಆ ಸಾಲಿನಲ್ಲಿ 127.0.0.1 (ಯಂತ್ರ ತನ್ನನ್ನೇ ಕರೆಯುವ ವಿಳಾಸ) ಬಿಟ್ಟು ಬೇರೇನೂ ಇಡುವುದಿಲ್ಲ. ಕಚೇರಿಯ ಕಂಪ್ಯೂಟರುಗಳೂ ಪಾಸ್‌ವರ್ಡ್ ಕೊಟ್ಟು 587 ಅಥವಾ 465ನೇ ಪೋರ್ಟಿನಿಂದಲೇ ಕಳಿಸುತ್ತವೆ. 25ನೇ ಪೋರ್ಟ್ ಇರುವುದು ಸರ್ವರುಗಳು ತಮ್ಮತಮ್ಮಲ್ಲಿ ಮಾತಾಡುವುದಕ್ಕೆ. ಅಲ್ಲಿ ಲಾಗಿನ್ ಸೌಲಭ್ಯವನ್ನೇ ತೆಗೆದುಬಿಡಿ.

ಪರೀಕ್ಷೆಯನ್ನು ಮಾತ್ರ ಹೊರಗಿನ ಯಂತ್ರದಿಂದ ಮಾಡಿ, ಒಳಗಿನಿಂದ ಮಾಡಿದರೆ ಎಲ್ಲವೂ ಹೋಗುತ್ತದೆ, ಏನೂ ತಿಳಿಯುವುದಿಲ್ಲ. ಟೆಲ್ನೆಟ್ಟಿನಲ್ಲಿ 25ನೇ ಪೋರ್ಟಿಗೆ ಸೇರಿ, ಕಳಿಸುವವರೂ ಪಡೆಯುವವರೂ ನಿಮ್ಮವರಲ್ಲದ ವಿಳಾಸಗಳನ್ನು ಕೊಡಿ. ‘554 5.7.1’ ಅಥವಾ ‘454 4.7.1’ ಎಂದು ಶುರುವಾಗಿ ರಿಲೇ ನಿರಾಕರಿಸಿದ ಸಾಲು ಬರಬೇಕು. ಪಡೆಯುವವರ ವಿಳಾಸ ಕೊಟ್ಟಾಗ 250 ಬಂದರೆ ಬಾಗಿಲು ಇನ್ನೂ ತೆರೆದೇ ಇದೆ.

ಇನ್ನೊಬ್ಬರ ಉತ್ತರ

ಮೇಲೆ ಹೇಳಿದ್ದೆಲ್ಲ ನಿಜ. ಆದರೆ ನನ್ನ ಕಣ್ಣೆದುರು ನಡೆದ ಮೂರು ಪ್ರಕರಣಗಳಲ್ಲಿ ಎರಡಕ್ಕೆ ಕಾರಣ ತೆರೆದ ರಿಲೇ ಅಲ್ಲ, ಕಳವಾದ ಪಾಸ್‌ವರ್ಡ್. ಲಾಗಿನಲ್ಲಿ, ಪಾಸ್‌ವರ್ಡ್ ಕೊಟ್ಟು ಬಂದವರ ಹೆಸರು ತೋರಿಸುವ ‘ಸಾಸ್ಲ್ ಯೂಸರ್‌ನೇಮ್’ ಎಂಬುದನ್ನು ಹುಡುಕಿ, ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಒಂದೇ ಹೆಸರು ಸಾವಿರ ಸಲ ಬಂದಿದ್ದರೆ ಕಳ್ಳ ಕೀಲಿಕೈ ಹಿಡಿದೇ ಒಳಗೆ ಬಂದಿದ್ದಾನೆ. ನಿಮ್ಮ ರಿಲೇ ನಿಯಮ ಅವನನ್ನು ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ಮೊದಲು ಆ ಪಾಸ್‌ವರ್ಡ್ ಬದಲಿಸಿ, ಆಮೇಲೆ ಕ್ಯೂ ಖಾಲಿಮಾಡಿ. ನಾನು ಇದನ್ನು ತಿರುವುಮುರುವು ಮಾಡಿ ಕ್ಯೂವನ್ನು ಮೂರು ಸಲ ಗುಡಿಸಿದೆ.

ಒಬ್ಬರಿಗೆ ಗಂಟೆಗೆ ಇಷ್ಟೇ ಮೇಲ್ ಎಂಬ ಮಿತಿ ಖಂಡಿತ ಹಾಕಿ. ಪೋಸ್ಟ್‌ಫಿಕ್ಸಿನಲ್ಲಿ ಸಿದ್ಧವಾಗಿರುವ ಮಿತಿ ಐಪಿ ವಿಳಾಸದ ಲೆಕ್ಕದ್ದು. ನಮ್ಮಲ್ಲಿ ಕಳ್ಳ ನೂರಾರು ವಿಳಾಸಗಳಿಂದ ಒಂದೊಂದಾಗಿ ಕಳಿಸುತ್ತಿದ್ದ, ಆ ಮಿತಿ ಅವನಿಗೆ ತಗಲಲೇ ಇಲ್ಲ. ಲಾಗಿನ್ ಹೆಸರಿನ ಲೆಕ್ಕದಲ್ಲಿ ಎಣಿಸಲು ಪ್ರತ್ಯೇಕ ಪಾಲಿಸಿ ಸೇವೆ (ಮೇಲನ್ನು ಬಿಡಬೇಕೇ ಬೇಡವೇ ಎಂದು ಪೋಸ್ಟ್‌ಫಿಕ್ಸಿಗೆ ಹೇಳುವ ತಂತ್ರಾಂಶ) ಜೋಡಿಸಬೇಕು. ಅದೇ ಯಂತ್ರದಲ್ಲಿ ಜಾಲತಾಣವೂ ಇದ್ದರೆ ಅದರ ಸಂಪರ್ಕ ಫಾರ್ಮನ್ನೂ ನೋಡಿ, 127.0.0.1ರಿಂದ ಹೊರಟದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.

ಮತ್ತೊಬ್ಬರ ಉತ್ತರ

ಒಳಬರುವ ಸ್ಪ್ಯಾಮ್ ಬಗ್ಗೆ ನನ್ನದು ಒಂದೇ ಹಟ: ಬೇಡವಾದದ್ದನ್ನು ಬಾಗಿಲಲ್ಲೇ ತಿರಸ್ಕರಿಸಿ. ಒಮ್ಮೆ ಸ್ವೀಕರಿಸಿ ಆಮೇಲೆ ‘ಅಂಥವರು ಇಲ್ಲಿಲ್ಲ’ ಎಂದು ಹಿಂದಿರುಗಿಸಿದರೆ, ಆ ಕಾಗದ ಹೋಗುವುದು ಸ್ಪ್ಯಾಮರನಿಗಲ್ಲ, ಅವನು ಕದ್ದು ಬಳಸಿದ ವಿಳಾಸದ ನಿರಪರಾಧಿಗೆ. ಆಗ ನೀವೇ ಸ್ಪ್ಯಾಮ್ ಕಳಿಸಿದಂತಾಗುತ್ತದೆ, ಕಪ್ಪುಪಟ್ಟಿಗೂ ಸೇರುತ್ತೀರಿ.

ಕಪ್ಪುಪಟ್ಟಿಗಳನ್ನು ಬಳಸುವಾಗ ಎಚ್ಚರ. ಒಂದು ದಿನ ಮಧ್ಯಾಹ್ನದವರೆಗೆ ನಮಗೆ ಒಂದೂ ಮೇಲ್ ಬರಲಿಲ್ಲ. ಕಳಿಸಿದವರ ವಿಳಾಸ ಪಟ್ಟಿಯಲ್ಲಿದೆಯೇ ಎಂದು ನಮ್ಮ ಸರ್ವರ್ ಸಾರ್ವಜನಿಕ ಡಿಎನ್ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ, ಎಲ್ಲರೂ ಬಳಸುವ ಸೇವೆ) ಮೂಲಕ ಕೇಳುತ್ತಿತ್ತು. ಹಾಗೆ ಕೇಳುವಂತಿಲ್ಲ ಎಂದು ಪಟ್ಟಿಯವರು 127.255.255.254 ಎಂಬ ಉತ್ತರ ಕೊಡುತ್ತಿದ್ದರು. ಯಾವ ಉತ್ತರ ಬಂದರೂ ‘ಪಟ್ಟಿಯಲ್ಲಿದೆ’ ಎಂದೇ ತಿಳಿದ ನಮ್ಮ ಸರ್ವರ್ ಎಲ್ಲರನ್ನೂ ಹೊರಗಟ್ಟಿತು. ಅಂದಿನಿಂದ ಅದೇ ಯಂತ್ರದಲ್ಲಿ ಅನ್‌ಬೌಂಡ್ ಎಂಬ ನಮ್ಮದೇ ಡಿಎನ್ಎಸ್ ತಂತ್ರಾಂಶ ಓಡಿಸುತ್ತೇನೆ, ನಿಜವಾಗಿ ‘ಪಟ್ಟಿಯಲ್ಲಿದೆ’ ಎಂದು ಹೇಳುವ 127.0.0.2ರಿಂದ 127.0.0.11ರವರೆಗಿನ ಉತ್ತರಗಳನ್ನು ಮಾತ್ರ ನಂಬುತ್ತೇನೆ. ಯಾವ ಹೊಸ ನಿಯಮವನ್ನೇ ಆಗಲಿ ಮೊದಲ ವಾರ ‘ವಾರ್ನ್ ಇಫ್ ರಿಜೆಕ್ಟ್’ ಜೊತೆಗೆ ಹಾಕಿ. ಅದು ಮೇಲನ್ನು ತಡೆಯದೆ, ತಡೆಯಬಹುದಾಗಿದ್ದನ್ನು ಲಾಗಿನಲ್ಲಿ ಬರೆದಿಡುತ್ತದೆ.

ಪೋಸ್ಟ್‌ಫಿಕ್ಸಿನ ಬಾಗಿಲು ಕಾಯುವ ಭಾಗವಾದ ಪೋಸ್ಟ್‌ಸ್ಕ್ರೀನ್ ಹಾಕಿಕೊಳ್ಳಿ. ಸರ್ವರ್ ಮೊದಲು ನಮಸ್ಕಾರ ಹೇಳುವ ತನಕ ಕಾಯುವ ತಾಳ್ಮೆ ಅನೇಕ ಸ್ಪ್ಯಾಮ್ ತಂತ್ರಾಂಶಗಳಿಗೆ ಇರುವುದಿಲ್ಲ, ಅಲ್ಲೇ ಸಿಕ್ಕಿಬೀಳುತ್ತವೆ. ಅಪರಿಚಿತರ ಮೇಲನ್ನು ಮೊದಲ ಸಲ ‘ಆಮೇಲೆ ಬಾ’ ಎಂದು ತಡೆಯುವ ಗ್ರೇಲಿಸ್ಟಿಂಗ್ ಮಾತ್ರ ನಾನು ತೆಗೆದುಹಾಕಿದೆ. ಒಟಿಪಿ ಹತ್ತು ನಿಮಿಷ ತಡವಾಗಿ ಬಂದರೆ ಬಂದೂ ಪ್ರಯೋಜನವಿಲ್ಲ.

ಕಪ್ಪುಪಟ್ಟಿಯಿಂದ ಹೆಸರು ತೆಗೆಸುವ ಅರ್ಜಿಯನ್ನು ತೂತು ಮುಚ್ಚಿದ ಮೇಲಷ್ಟೇ ಹಾಕಿ. ಮುಚ್ಚದೆ ಹಾಕಿದರೆ ಮತ್ತೆ ಸೇರುತ್ತೀರಿ, ಎರಡನೇ ಸಲ ಬಿಡಿಸಿಕೊಳ್ಳುವುದು ಕಷ್ಟ.

ಪ್ರಶ್ನೆ ಕೇಳಿದವರಿಂದ

ಎಣಿಸಿ ನೋಡಿದೆ. ನಿವೃತ್ತರಾಗಿ ಎರಡು ವರ್ಷವಾದ ಒಬ್ಬರ ಖಾತೆ, 6,214 ಸಲ. ಖಾತೆ ಮುಚ್ಚಿ ಒಂದು ಗಂಟೆಯಾಯಿತು, ಕ್ಯೂವಿಗೆ ಹೊಸದೇನೂ ಬಂದಿಲ್ಲ. ಹೊರಗಿನ ಪರೀಕ್ಷೆಯಲ್ಲಿ 554 ಬಂತು. ಮೈನೆಟ್‌ವರ್ಕ್ಸ್ ಸಾಲನ್ನು ಇವತ್ತು ರಾತ್ರಿ ಬದಲಿಸುತ್ತೇನೆ. ಪ್ರಿಂಟರುಗಳು ಪಾಸ್‌ವರ್ಡ್ ಇಲ್ಲದೆ ಸ್ಕ್ಯಾನ್ ಕಳಿಸುತ್ತಿವೆ, ಅವುಗಳಿಗೆ ಮೊದಲು ಖಾತೆ ಮಾಡಿಕೊಡಬೇಕು.