ಸಹಾಯ ಬೇಕು: ಎರಡು ಡ್ರೈವ್, ಎರಡು ಓಎಸ್, ಉಬುಂಟು ಮಾತ್ರ ಬೂಟ್ ಆಗುತ್ತಿಲ್ಲ

ಎನ್‌ವಿಎಂಇ ಡ್ರೈವ್‌ನಲ್ಲಿ ವಿಂಡೋಸ್ 11, ಸಾಟಾ ಎಸ್‌ಎಸ್‌ಡಿಯಲ್ಲಿ ಉಬುಂಟು 24.04 ಇದೆ. ಎರಡೂ ಜಿಪಿಟಿ (ಡಿಸ್ಕ್ ವಿಭಾಗಿಸುವ ಹೊಸ ಪದ್ಧತಿ), ಯುಇಎಫ್‌ಐ (ಕಂಪ್ಯೂಟರ್ ಶುರುಮಾಡುವ ಹೊಸ ಬಗೆಯ ಫರ್ಮ್‌ವೇರ್) ಮೋಡ್. ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ಫೈಲ್‌ಗಳಿಗೆ ಮಾತ್ರ ಅವಕಾಶ) ಆನ್. ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಬೂಟ್ ಮೆನುವಿನಲ್ಲಿ ಉಬುಂಟು ಹೆಸರೇ ಇಲ್ಲ, ನೇರ ವಿಂಡೋಸ್‌ಗೆ ಹೋಗುತ್ತದೆ.

ಲೈವ್ ಯುಎಸ್‌ಬಿಯಿಂದ ನೋಡಿದರೆ ಉಬುಂಟು ಫೈಲ್‌ಗಳೆಲ್ಲ ಸುರಕ್ಷಿತವಾಗಿವೆ. ಆದರೆ ಸಾಟಾ ಡ್ರೈವ್‌ನಲ್ಲಿ ಇಎಫ್‌ಐ ಪಾರ್ಟಿಷನ್ನೇ (ಬೂಟ್ ಫೈಲ್‌ಗಳಿರುವ ಸಣ್ಣ ವಿಭಾಗ, ಇಎಸ್‌ಪಿ) ಇಲ್ಲ. ಉಬುಂಟುವಿನ ಬೂಟ್‌ಲೋಡರ್ ಗ್ರಬ್ ಕೂತಿರುವುದು ವಿಂಡೋಸ್ ಡ್ರೈವ್‌ನ 100 ಎಂಬಿ ಇಎಫ್‌ಐ ಪಾರ್ಟಿಷನ್ನಿನಲ್ಲಿ. ಅಂದರೆ ಅಳಿಸಿಹೋದದ್ದು ಮದರ್‌ಬೋರ್ಡ್ ಮೆಮೊರಿಯಲ್ಲಿದ್ದ ಬೂಟ್ ಎಂಟ್ರಿ ಮಾತ್ರ. ಅದನ್ನು ಮತ್ತೆ ಸೇರಿಸಿದರೆ ಸದ್ಯಕ್ಕೆ ಬೂಟ್ ಆದೀತು. ಆದರೆ ಒಂದು ಡ್ರೈವ್ ಬಿಚ್ಚಿದರೂ ಇನ್ನೊಂದು ತಾನೇ ಬೂಟ್ ಆಗಬೇಕು; ಬೇರೆ ಬೇರೆ ಡ್ರೈವ್ ಹಾಕುವುದೇ ಅದಕ್ಕೆ.

ಯೋಚಿಸಿರುವ ದಾರಿ: ಬ್ಯಾಕಪ್ ತೆಗೆದು, ಜಿಪಾರ್ಟೆಡ್‌ನಲ್ಲಿ (ಪಾರ್ಟಿಷನ್ ಬದಲಿಸುವ ಟೂಲ್) ಉಬುಂಟುವಿನ ರೂಟ್ ಪಾರ್ಟಿಷನ್ನನ್ನು ಕೊನೆಯಿಂದ (ಆರಂಭ ಅಲುಗಿಸದೆ) 512 ಎಂಬಿ ಕುಗ್ಗಿಸಿ, ಆ ಜಾಗದಲ್ಲಿ ಫ್ಯಾಟ್32 ಪಾರ್ಟಿಷನ್ ಮಾಡಿ ಇಎಸ್‌ಪಿ ಫ್ಲ್ಯಾಗ್ ಹಾಕುವುದು. ಆಮೇಲೆ ಸಿಎಚ್‌ರೂಟ್ ಮಾಡಿ (ಲೈವ್ ಯುಎಸ್‌ಬಿಯಿಂದಲೇ ಡಿಸ್ಕ್‌ನ ಉಬುಂಟು ಒಳಹೊಕ್ಕು), ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್ ಪಟ್ಟಿಯ ಫೈಲ್) ಇಎಫ್‌ಐ ಪಾರ್ಟಿಷನ್ನಿನ ಯುಯುಐಡಿ (ಗುರುತಿನ ಸಂಖ್ಯೆ) ಬದಲಿಸಿ, ಗ್ರಬ್ ಮರುಇನ್‌ಸ್ಟಾಲ್. ಬಿಟ್‌ಲಾಕರ್ (ವಿಂಡೋಸ್‌ನ ಡ್ರೈವ್ ಎನ್‌ಕ್ರಿಪ್ಷನ್) ರಿಕವರಿ ಕೀ ಬರೆದಿಟ್ಟಿದ್ದೇನೆ.

ತಿಳಿದವರು ಹೇಳಿ: ಎಂಟ್ರಿ ಮತ್ತೆ ಅಳಿಸಿದರೂ ಡ್ರೈವ್ ಬೂಟ್ ಆಗಲೆಂದು ಗ್ರಬ್ ಇನ್‌ಸ್ಟಾಲ್‌ಗೆ ‘ರಿಮೂವಬಲ್’ ಆಯ್ಕೆ (ಗ್ರಬ್ ಅನ್ನು ಇಎಫ್‌ಐ ಪಾರ್ಟಿಷನ್ನಿನ ಡೀಫಾಲ್ಟ್ ಬೂಟ್ ಫೋಲ್ಡರ್‌ನಲ್ಲಿ ಇಡುವುದು) ಕೊಡಬೇಕೆಂದಿದ್ದೇನೆ. ಆಗ ಸೆಕ್ಯೂರ್ ಬೂಟ್‌ಗೆ ಬೇಕಾದ ಶಿಮ್ (ಗ್ರಬ್‌ಗೂ ಮೊದಲು ಓಡುವ ಸಹಿ ಇರುವ ಸಣ್ಣ ಲೋಡರ್) ಕೂಡ ಆ ಫೋಲ್ಡರ್‌ಗೆ ತಾನಾಗಿ ಸೇರುತ್ತದೆಯೇ, ಇಲ್ಲ ಕೈಯಾರೆ ಕಾಪಿ ಮಾಡಬೇಕೇ?