ಅದೇ ತಪ್ಪಿಗೆ ದೇವರ ಹತ್ತಿರ ಎಷ್ಟು ಸಲ ಕ್ಷಮೆ ಕೇಳೋದು?

ಮಂಡಿಪೇಟೆ ಲೆಕ್ಕದವನು, ದಾವಣಗೆರೆ

ಎಲ್ಲರಿಗೂ ವಂದನೆ. ನಮ್ಮ ಚರ್ಚಿನ ಸಭೆಯಲ್ಲಿ ಯಾರ ಹತ್ತಿರವೂ ಇದನ್ನು ಹೇಳಿಕೊಳ್ಳೋಕೆ ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಹೋದ ವರ್ಷ ದೀಪಾವಳಿ ಆದ ಮೇಲೆ ನಮ್ಮ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತು ಸರಿಯಾಗಿ ಬರಲ್ಲ. ಅವರು ಮೊದಲು ಹತ್ತಿ ಮಿಲ್ಲಿನಲ್ಲಿ ಇದ್ದರು, ಮಿಲ್ ಮುಚ್ಚಿದ ಮೇಲೆ ಮಂಡಕ್ಕಿ ಭಟ್ಟಿಗೆ ಸೇರಿ ನನ್ನನ್ನೂ ತಂಗಿಯನ್ನೂ ಓದಿಸಿದರು. ಕಾದ ಮರಳು ಸಿಡಿದು ಸುಟ್ಟ ಕಪ್ಪು ಚುಕ್ಕೆಗಳು ಈಗಲೂ ಅವರ ಮೊಣಕೈ ತನಕ ಇವೆ. ಅಮ್ಮ ತೀರಿಕೊಂಡು ಆರು ವರ್ಷ ಆಯಿತು. ಹಗಲು ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ, ರಾತ್ರಿ ನಾನು.

ನನ್ನ ಕಷ್ಟ ಏನಂದರೆ ಸಿಟ್ಟು. ಹಗಲೆಲ್ಲ ಅಂಗಡಿಯಲ್ಲಿ ಲೆಕ್ಕ ಬರೆದು ಬಂದು ಮಲಗಿರುತ್ತೇನೆ, ರಾತ್ರಿ ಎರಡಕ್ಕೋ ಮೂರಕ್ಕೋ ಎದ್ದು ನೋಡಿದರೆ ಹಾಸಿಗೆ ಒದ್ದೆ. "ಮೊದಲೇ ಕರೆಯೋಕೆ ಏನಾಗಿತ್ತು?" ಅಂತ ಕೂಗಿಬಿಡುತ್ತೇನೆ. ಕರೆಯೋಕೆ ಅವರಿಗೆ ಬಾಯಿ ಬರಲ್ಲ ಅಂತ ಗೊತ್ತಿದ್ದೂ ಕೂಗುತ್ತೇನೆ. ಹೋದ ತಿಂಗಳು ಒಂದು ರಾತ್ರಿ ಬಟ್ಟೆ ಬದಲಾಯಿಸುವಾಗ ಆ ಬಿದ್ದುಹೋದ ಕೈಯನ್ನು ಜೋರಾಗಿ ಎಳೆದುಬಿಟ್ಟೆ. ಅಪ್ಪ ಏನೂ ಅನ್ನಲಿಲ್ಲ. ಎಡಗೈಯಲ್ಲಿ ದುಪ್ಪಟಿ ಎಳೆದು ಮುಖ ಮುಚ್ಚಿಕೊಂಡರು. ಅಷ್ಟೇ. ಅದು ನನ್ನ ಕಣ್ಣಿಂದ ಹೋಗುತ್ತಿಲ್ಲ.

ಪ್ರತಿ ಸಲವೂ ಮೊಣಕಾಲೂರಿ ಅತ್ತು ಕ್ಷಮೆ ಕೇಳುತ್ತೇನೆ. ಮೂರು ದಿನ ಚೆನ್ನಾಗಿರುತ್ತೇನೆ, ನಾಲ್ಕನೇ ದಿನ ಮತ್ತೆ ಅದೇ. ಮೂರು ತಿಂಗಳಿಂದ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿಗೆ, ಕೈ ಚಾಚಿಲ್ಲ. ರೊಟ್ಟಿಯ ತಟ್ಟೆ ನಮ್ಮ ಸಾಲಿಗೆ ಬಂದಾಗ ತಲೆ ತಗ್ಗಿಸಿ ಪಕ್ಕದವರಿಗೆ ದಾಟಿಸುತ್ತೇನೆ. ಅಯೋಗ್ಯನಾಗಿ ತಿಂದರೆ ದಂಡನೆಯನ್ನೇ ತಿಂದ ಹಾಗೆ ಅಂತ ಬರೆದಿದೆ ಅಲ್ವಾ. ಮೊನ್ನೆ ಸಭೆಯಲ್ಲಿ ಒಬ್ಬರು ಸಾಕ್ಷಿ, ಅಂದರೆ ದೇವರು ತಮ್ಮನ್ನು ಬದಲಾಯಿಸಿದ್ದನ್ನು, ಹೇಳುವಾಗ, ರಕ್ಷಣೆ ಹೊಂದಿದ ದಿನದಿಂದ ನನಗೆ ಸಿಟ್ಟೇ ಬಂದಿಲ್ಲ ಅಂದರು. ಎಲ್ಲರೂ ಸ್ತೋತ್ರ ಅಂದರು. ನನಗೆ ಮಾತ್ರ ಎದೆಯ ಮೇಲೆ ಕಲ್ಲು ಇಟ್ಟ ಹಾಗಾಯಿತು, ಯಾಕಂದರೆ ನನಗೆ ದೀಕ್ಷಾಸ್ನಾನ ಆಗಿ ಹನ್ನೊಂದು ವರ್ಷ ಆಯಿತು.

ಕೃಪೆ ಇದೆ, ಕೃಪೆ ಇದೆ ಅಂತ ಹೇಳಿಕೊಂಡು ನಾನು ದೇವರಿಗೇ ಮೋಸ ಮಾಡುತ್ತಿದ್ದೇನಾ? ಇದನ್ನೇ ಕೇಳಬೇಕಿತ್ತು.

ದುರ್ಗದ ಅಕ್ಕ

ತಮ್ಮಾ, ನಾನು ಚಿತ್ರದುರ್ಗದವಳು. ಮೂವತ್ತು ವರ್ಷದ ಮೇಲೆ ನರ್ಸ್ ಆಗಿ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ನಿನ್ನ ಬರಹವನ್ನು ಎರಡು ಸಲ ಓದಿದೆ.

ಮೊದಲು ಒಂದು ಮಾತು. ರೋಗಿಗಳ ಹತ್ತಿರ ತಾಳ್ಮೆಯಿಂದ ಇದ್ದು ಒಳ್ಳೆಯ ಹೆಸರು ತಗೊಂಡವಳು ನಾನು. ಆದರೆ ನಮ್ಮ ಅತ್ತೆಗೆ ಮರೆವು ಬಂದು, ಕೇಳಿದ್ದನ್ನೇ ನೂರು ಸಲ ಕೇಳೋಕೆ ಶುರು ಮಾಡಿದಾಗ, ಒಂದು ಸಂಜೆ ಅವರನ್ನು ಕೋಣೆಯಲ್ಲಿ ಬಿಟ್ಟು ಹೊರಗಿಂದ ಚಿಲಕ ಹಾಕಿ ಅಂಗಳದಲ್ಲಿ ಕೂತುಬಿಟ್ಟೆ. ಒಳಗಿಂದ ಬಾಗಿಲು ಬಡಿಯುವ ಸದ್ದು ಕೇಳುತ್ತಿತ್ತು. ಅರ್ಧ ಗಂಟೆ ಏಳಲಿಲ್ಲ. ಅವರು ತೀರಿಕೊಳ್ಳುವ ಮುಂಚೆ ನಾನು ಅವರ ಹತ್ತಿರ ಕ್ಷಮೆ ಕೇಳಲಿಲ್ಲ. ದೇವರ ಹತ್ತಿರ ಕೇಳಿದೆ, ಅವರ ಹತ್ತಿರ ಕೇಳಲಿಲ್ಲ. ಅದಕ್ಕೇ ಹೇಳುತ್ತೇನೆ, ಇವತ್ತು ರಾತ್ರಿಯೇ ಅಪ್ಪನ ಹತ್ತಿರ ಕೇಳು. ಮಾತು ಬರದಿದ್ದರೂ ಅವರಿಗೆ ಎಲ್ಲ ಅರ್ಥ ಆಗುತ್ತಿರಬಹುದು. ದುಪ್ಪಟಿ ಎಳೆದುಕೊಂಡರು ಅಂದರೆ ನೋವು ಗೊತ್ತಾಗಿದೆ ಅಂತ ತಾನೆ.

ಇನ್ನು ಎಷ್ಟು ಸಲ ಅಂತ ಕೇಳಿದೆಯಲ್ಲ. ಯೇಸುವಿನ ಶಿಷ್ಯ ಪೇತ್ರನನ್ನು ನೋಡು. ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿ ಹಾಕಿದ್ದರು, ಅದರ ಹತ್ತಿರ ನಿಂತು ಚಳಿ ಕಾಯಿಸಿಕೊಳ್ಳುತ್ತಾ ಅವನು ಯೇಸುವನ್ನು ಗೊತ್ತೇ ಇಲ್ಲ ಅಂದ. ಒಂದಲ್ಲ, ಮೂರು ಸಲ. ಆಮೇಲೆ ಬೈಬಲಿನ ಯೋಹಾನ 21ರಲ್ಲಿ, ಪುನರುತ್ಥಾನ ಆದ ಮೇಲೆ, ತಿಬೇರಿಯ ಸಮುದ್ರದ ದಡದಲ್ಲಿ ಯೇಸು ಮತ್ತೆ ಕೆಂಡ ಮಾಡಿ ಮೀನು ಇಟ್ಟು ಕಾಯುತ್ತಾರೆ. ಮೂಲ ಗ್ರೀಕಿನಲ್ಲಿ ಆ ಎರಡು ಬೆಂಕಿಗೂ ಒಂದೇ ಪದ, ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಬರೋದು ಈ ಎರಡೇ ಜಾಗದಲ್ಲಿ. ಪೇತ್ರನಿಗೆ ಆ ಹೊಗೆಯ ವಾಸನೆ ಬಂದಾಗ ಏನನ್ನಿಸಿರಬೇಕು ಯೋಚನೆ ಮಾಡು. ಆದರೆ ಯೇಸು ಮೊದಲು ರೊಟ್ಟಿ ಮೀನು ಕೊಟ್ಟರು, ಊಟ ಆಯಿತು, ಆಮೇಲೆ ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳಿದರು. ಇನ್ನು ಮೇಲೆ ತಪ್ಪು ಮಾಡಲ್ಲ ಅಂತ ಮಾತು ಕೊಡು, ಆಮೇಲೆ ಊಟ ಅನ್ನಲಿಲ್ಲ. ನೀನು ತಟ್ಟೆ ದಾಟಿಸೋದು ಓದಿ ನನಗೆ ಇದೇ ನೆನಪಾಯಿತು.

ಈಗ ನರ್ಸ್ ಆಗಿ ಹೇಳುತ್ತೇನೆ, ಇದನ್ನೂ ಕೇಳು. ಲಕ್ವ ಹೊಡೆದ ಕೈಯನ್ನು ಹಿಡಿದು ಯಾವತ್ತೂ ಎಳೆಯಬಾರದು, ಭುಜದ ಕೀಲು ಜಾರುತ್ತೆ, ಬಹಳ ನೋವಾಗುತ್ತೆ. ಅಂಗಿ ಹಾಕುವಾಗ ಆ ಕೈಗೆ ಮೊದಲು, ಬಿಚ್ಚುವಾಗ ಆ ಕೈಯಿಂದ ಕೊನೆಗೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಹಾಸಿಗೆ ಮೇಲೆ ರಬ್ಬರ್ ಶೀಟು, ಅದರ ಮೇಲೆ ಹಳೆಯ ಹತ್ತಿ ಸೀರೆ ಮಡಿಸಿ ಹಾಸು, ಒದ್ದೆ ಆದರೆ ಅದೊಂದನ್ನೇ ತೆಗೆದರೆ ಸಾಕು. ಮತ್ತೆ ಸಂತೆಯಲ್ಲಿ ದನದ ಕೊರಳಿಗೆ ಕಟ್ಟುವ ಗಂಟೆ ಸಿಗುತ್ತಲ್ಲ, ಒಂದು ಚಿಕ್ಕದು ತಂದು ಮಂಚಕ್ಕೆ ಕಟ್ಟಿ ದಾರವನ್ನು ಅವರ ಎಡಗೈಗೆ ಸಿಗುವ ಹಾಗೆ ಇಡು. ಕರೆಯೋಕೆ ಬಾಯಿ ಇಲ್ಲದಿದ್ದರೆ ಏನು, ಕೈ ಇದೆ.

ನಿದ್ದೆ ಇಲ್ಲದವನಿಗೆ ಸಿಟ್ಟು ಬರೋದು ಸಹಜ. ತಪ್ಪು ತಪ್ಪೇ, ಅದನ್ನು ಮುಚ್ಚಬೇಡ, ಆದರೆ ನಿದ್ದೆಗೆ ಒಂದು ದಾರಿ ಮಾಡಿಕೋ.

ಹರಿಹರದಿಂದ

ನಾವು ಕಥೋಲಿಕರು, ನೀವು ಕೃಪೆ ಅನ್ನೋದನ್ನು ನಮ್ಮಲ್ಲಿ ವರಪ್ರಸಾದ ಅನ್ನುತ್ತೇವೆ. ಪದ ಬೇರೆ, ನಿಮ್ಮ ನೋವು ನನಗೂ ಗೊತ್ತು. ನನ್ನದು ಕುಡಿತ. ಬಿಟ್ಟು ನಾಲ್ಕು ವರ್ಷ ಆಯಿತು. ಆದರೆ ಬಿಡುವ ಮುಂಚೆ ಎಷ್ಟು ಸಲ ಅದೇ ಪಾಪನಿವೇದನೆ ಮಾಡಿದ್ದೇನೆ ಅಂದರೆ, ಒಂದು ಸಲ ನಾಚಿಕೆಯಾಗಿ ಬೇರೆ ಊರಿನ ಚರ್ಚಿಗೆ ಹೋಗಿ ಗೊತ್ತಿಲ್ಲದ ಫಾದರ್ ಹತ್ತಿರ ಹೇಳಿಕೊಂಡೆ. ಅವರು ನಾನು ಮುಗಿಸುವ ತನಕ ಸುಮ್ನೆ ಕೇಳಿ, ನೀನು ಮತ್ತೆ ಬಂದೆಯಲ್ಲ, ಅಷ್ಟು ಸಾಕು, ನಾಳೆ ಬಿದ್ದರೆ ನಾಳೆಯೂ ಬಾ ಅಂದರು. ಬೈಯುತ್ತಾರೆ ಅಂದುಕೊಂಡಿದ್ದೆ.

ರೊಟ್ಟಿ ತಗೊಳ್ಳೋಕೆ ಯೋಗ್ಯನಲ್ಲ ಅಂದಿರಲ್ಲ, ಅದರ ಬಗ್ಗೆ ಒಂದು ಹೇಳಬೇಕು. ನಮ್ಮ ಬಲಿಪೂಜೆಯಲ್ಲಿ ಪರಮ ಪ್ರಸಾದ ತಗೊಳ್ಳುವ ಸ್ವಲ್ಪ ಮುಂಚೆ ಎಲ್ಲರೂ ಒಟ್ಟಿಗೆ ಒಂದು ಮಾತು ಹೇಳುತ್ತೇವೆ: ಪ್ರಭುವೇ, ನೀವು ನನ್ನಲ್ಲಿ ಬರೋಕೆ ನಾನು ಯೋಗ್ಯನಲ್ಲ, ನೀವು ಒಂದು ಮಾತು ಹೇಳಿದರೆ ಸಾಕು, ಗುಣವಾಗುತ್ತೇನೆ. ಮತ್ತಾಯ 8ರಲ್ಲಿ ರೋಮಿನ ಶತಾಧಿಪತಿ ತನ್ನ ಆಳಿಗಾಗಿ ಹೇಳಿದ ಮಾತಿನಿಂದ ಬಂದದ್ದು. ಬಿಷಪ್ಪರೂ ಹೇಳಬೇಕು, ನಾನೂ ಹೇಳಬೇಕು. ದೊಡ್ಡ ಪಾಪ ಇದ್ದರೆ ಮೊದಲು ಪಾಪನಿವೇದನೆ ಮಾಡಬೇಕು ಅನ್ನೋದು ನಮ್ಮಲ್ಲಿ ಇದೆ, ಅದು ನಿಜ. ಆದರೆ ಅದನ್ನು ಮಾಡಿ ಎದ್ದ ಮೇಲೂ ಯೋಗ್ಯನಲ್ಲ ಅಂತಲೇ ಹೇಳಿ ತಗೊಳ್ಳೋದು.

ಸೆಪ್ಟೆಂಬರ್ 8ಕ್ಕೆ ಇಲ್ಲಿ ಆರೋಗ್ಯ ಮಾತೆಯ ಹಬ್ಬ. ಬರುವ ಜನ ನೋಡಿದರೆ ಗೊತ್ತಾಗುತ್ತೆ, ಎಲ್ಲ ಜಾತಿ ಧರ್ಮದವರೂ ಬರುತ್ತಾರೆ, ಯಾರೂ ಸರಿ ಇದ್ದೇನೆ ಅಂತ ಬರಲ್ಲ. ಅಪ್ಪನ ಹೆಸರಿನಲ್ಲಿ ಒಂದು ಮೇಣದ ಬತ್ತಿ ಹಚ್ಚುತ್ತೇನೆ, ಬೇಡ ಅನ್ನಬೇಡಿ.

ವಾಕ್ಯ ಓದುವವನು

ಬ್ರದರ್, ಮೇಲಿನ ಇಬ್ಬರೂ ಪ್ರೀತಿಯಿಂದ ಬರೆದಿದ್ದಾರೆ. ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಕೃಪೆ ಹೆಚ್ಚಾಗಲಿ ಅಂತ ಪಾಪದಲ್ಲೇ ಇರೋಣವಾ ಅಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಕೇಳಿ, ಎಂದಿಗೂ ಬೇಡ ಅನ್ನುತ್ತಾನೆ. ಹಾಸಿಗೆ ಹಿಡಿದ ಮನುಷ್ಯನ ಕೈ ಎಳೆಯೋದು ಚಿಕ್ಕ ವಿಷಯ ಅಲ್ಲ. ನೀವೂ ಚಿಕ್ಕದು ಅಂದುಕೊಂಡಿಲ್ಲ, ಅದಕ್ಕೇ ಬರೆದಿದ್ದೀರಿ. ಮೋಸ ಮಾಡುವವನಿಗೆ ಮೂರು ತಿಂಗಳು ಈ ಸಂಕಟ ಇರಲ್ಲ.

ಆದರೆ ಅಯೋಗ್ಯವಾಗಿ ತಿನ್ನೋದು ಅನ್ನುವ ಮಾತನ್ನು ನೀವು ಪೂರ್ತಿ ಓದಬೇಕು. ಕೊರಿಂಥದ ಸಭೆಗೆ ಪೌಲ ಬರೆದ ಮೊದಲ ಪತ್ರ, 11ನೇ ಅಧ್ಯಾಯ. ಅಲ್ಲಿ ಕರ್ತನ ಭೋಜನಕ್ಕೆ ಸೇರಿದಾಗ ಆಗುತ್ತಿದ್ದದ್ದು ಏನು? ಇದ್ದವರು ತಾವು ತಂದದ್ದನ್ನು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡು ನಾಚಿಕೆಯಿಂದ ನಿಲ್ಲುತ್ತಿದ್ದರು. ಪೌಲ ಬೈದದ್ದು ಅದಕ್ಕೆ. ತನ್ನನ್ನು ತಾನು ಪರೀಕ್ಷಿಸಿಕೊಂಡು ತಿನ್ನಲಿ ಅಂತ 28ನೇ ವಚನ ಇದೆ, ಪರೀಕ್ಷಿಸಿಕೊಂಡು ದಾಟಿಸಲಿ ಅಂತ ಇಲ್ಲ. ಆದರೂ ಅಪ್ಪನ ಹತ್ತಿರ ಮೊದಲು ಹೋಗಿ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು ಅಂತ ಯೇಸುವೇ ಹೇಳಿದ್ದಾರೆ, ಮತ್ತಾಯ 5.

ಸಾಕ್ಷಿ ಹೇಳಿದವರ ಬಗ್ಗೆ: ಅವರಿಗೆ ಹಾಗೆ ಆಗಿರಬಹುದು. ಎಲ್ಲರಿಗೂ ಹಾಗೆ ಆಗಲ್ಲ. ಅಮೇಜಿಂಗ್ ಗ್ರೇಸ್ ಹಾಡು ಬರೆದ ಜಾನ್ ನ್ಯೂಟನ್ ಗೊತ್ತಲ್ಲ. 1748ರಲ್ಲಿ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ. ಅದೇ ತನ್ನ ತಿರುವು ಅಂತ ಕೊನೆತನಕ ಹೇಳಿದ. ಆದರೆ ಅದಾದ ಮೇಲೂ ಗುಲಾಮರನ್ನು ಸಾಗಿಸುವ ಹಡಗಿಗೆ ಕ್ಯಾಪ್ಟನ್ ಆಗಿ 1754ರ ತನಕ ಕೆಲಸ ಮಾಡಿದ. ಕೆಳಗೆ ಸರಪಳಿ ಹಾಕಿದ ಜನ, ಮೇಲೆ ಇವನ ಪ್ರಾರ್ಥನೆ. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ನಲವತ್ತು ವರ್ಷ ಆದ ಮೇಲೆ. ಅಷ್ಟು ದಿನ ತಗೊಂಡದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಆ ಹಡಗಿನಲ್ಲಿ ಸತ್ತವರಿಗೆ ಅದು ಏನೂ ಸಮಾಧಾನ ಅಲ್ಲ. ಆದರೆ ದೇವರು ಅವನನ್ನು 1748ರಲ್ಲಿ ಹಿಡಿದದ್ದೂ ನಿಜ, 1788ರ ತನಕ ಬಿಡದೆ ಎಳೆದದ್ದೂ ನಿಜ. ಕೃಪೆ ನಮ್ಮನ್ನು ಇದ್ದಲ್ಲೇ ಬಿಟ್ಟರೆ ಅದು ಕೃಪೆ ಅಲ್ಲ. ತೀತನಿಗೆ ಬರೆದ ಪತ್ರದ 2ನೇ ಅಧ್ಯಾಯ ಓದಿ, ಅಲ್ಲಿ ಕೃಪೆಯೇ ನಮಗೆ ಪಾಠ ಹೇಳುತ್ತೆ ಅಂತ ಇದೆ. ನನ್ನ ಅನುಭವದಲ್ಲಿ ಅದು ನಿಧಾನವಾಗಿ ಹೇಳುತ್ತೆ.

ಸುಂಕ ವಸೂಲಿ ಮಾಡಿ ದುಡ್ಡು ಮಾಡಿಕೊಂಡಿದ್ದ ಜಕ್ಕಾಯನದ್ದೂ ನೋಡಿ. ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ ಮೇಲೆ ಯೇಸು ಅವನ ಮನೆಗೆ ಬರಲಿಲ್ಲ. ಮೊದಲು ನಿನ್ನ ಮನೆಗೆ ಬರುತ್ತೇನೆ ಅಂದರು, ಆಮೇಲೆ ಅವನ ಕೈ ತಾನೇ ಬಿಚ್ಚಿತು.

ಇನ್ನೊಂದು. ನಿಮ್ಮ ಸಭೆಯ ಯಾರಿಗಾದರೂ ರಾತ್ರಿಯ ವಿಷಯ ಗೊತ್ತಾ? ಒಬ್ಬರೇ ಯಾಕೆ ಹೊರುತ್ತೀರಿ? ನಿಮ್ಮ ಪಾಸ್ಟರ್ ಅಯ್ಯನವರ ಹತ್ತಿರ ಹೇಳಿ, ವಾರಕ್ಕೆ ಒಂದು ರಾತ್ರಿ ಇಬ್ಬರು ಯುವಕರು ಬಂದು ಕೂರಲಿ. ಉಪವಾಸ ಪ್ರಾರ್ಥನೆಗೆ ರಾತ್ರಿ ಪೂರ್ತಿ ಎದ್ದಿರೋಕೆ ಆಗುತ್ತೆ ಅಂದರೆ ಇದಕ್ಕೂ ಆಗಬೇಕು.

ದುರ್ಗದ ಅಕ್ಕ

ವಾಕ್ಯ ಓದುವ ಅಣ್ಣನವರು ಕೊನೆಗೆ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅದನ್ನು ಬರೆಯೋಕೆ ಮರೆತೆ.

ಮಂಡಿಪೇಟೆ ಲೆಕ್ಕದವನು, ದಾವಣಗೆರೆ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಐದು ದಿನ ಏನೂ ಬರೆಯಲಿಲ್ಲ, ಕ್ಷಮಿಸಿ.

ಗಂಟೆ ತಂದೆ. ಮೊದಲ ರಾತ್ರಿ ಅಪ್ಪ ಅದನ್ನು ಮುಟ್ಟಲೇ ಇಲ್ಲ, ನನ್ನನ್ನು ಎಬ್ಬಿಸೋಕೆ ಅವರಿಗೆ ಹೆದರಿಕೆ ಅಂತ ನನಗೆ ಆಗ ಹೊಳೆಯಿತು. ಬೆಳಿಗ್ಗೆ ತನಕ ನಿದ್ದೆ ಬರಲಿಲ್ಲ. ಎರಡನೇ ರಾತ್ರಿ ಮಂಚದ ಪಕ್ಕ ನೆಲದ ಮೇಲೆ ಕೂತು ಆ ಸುಟ್ಟ ಚುಕ್ಕೆಗಳ ಕೈಯನ್ನು ನಿಧಾನವಾಗಿ ಹಿಡಿದುಕೊಂಡು, ಅಪ್ಪಾ, ನಾನು ಕೂಗಿದ್ದು ತಪ್ಪು, ಅವತ್ತು ಕೈ ಎಳೆದದ್ದು ತಪ್ಪು, ನನ್ನನ್ನು ಕ್ಷಮಿಸು ಅಂದೆ. ಮುಂದಕ್ಕೆ ಹೇಳೋಕೆ ಆಗಲಿಲ್ಲ. ಅವರು ಎಷ್ಟೋ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಬಾಯಿ ಒಂದು ಕಡೆಗೆ ಎಳೆದುಕೊಂಡು, ತುಂಬಾ ಕಷ್ಟಪಟ್ಟು, "ಮಲ್ಕ ಹೋಗು. ಬೆಳಿಗ್ಗೆ ಕೆಲ್ಸ ಐತಿ" ಅಂದರು. ನಾಲ್ಕು ತಿಂಗಳಲ್ಲಿ ಇಷ್ಟು ಉದ್ದ ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ.

ನಿನ್ನೆ ರಾತ್ರಿ ಗಂಟೆ ಬಾರಿಸಿದರು, ಎರಡೂವರೆಗೆ. ಎದ್ದು ಹೋಗುವಷ್ಟರಲ್ಲಿ ಹಾಸಿಗೆ ಒದ್ದೆ ಆಗಿತ್ತು. ಸಿಟ್ಟು ಬಂತು, ಸುಳ್ಳು ಹೇಳಲ್ಲ. ಹಲ್ಲು ಕಚ್ಚಿಕೊಂಡು ಸೀರೆ ಬದಲಾಯಿಸಿದೆ, ಒಂದು ಮಾತು ಒರಟಾಗಿ ಬಂತು, ಆಗಲೇ ತಪ್ಪಾಯ್ತು ಅಂದೆ.

ಅಯ್ಯನವರಿಗೆ ಇನ್ನೂ ಹೇಳಿಲ್ಲ. ಭಾನುವಾರ ಆರಾಧನೆಗೆ ಮುಂಚೆ ಹೋಗಿ ಹೇಳುತ್ತೇನೆ. ಈ ವಾರ ಕರ್ತನ ಭೋಜನ ಇದೆ.

ಅಕ್ಕಾ, ಒಂದು ಕೇಳಬೇಕಿತ್ತು. ಮಗ್ಗಲು ಬದಲಿಸುವಾಗ ನೋಡಿದೆ, ಸೊಂಟದ ಕೆಳಗೆ ಬೆನ್ನಿನ ಮೂಳೆಯ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಕೆಂಪಗಾಗಿದೆ. ಎಣ್ಣೆ ಹಚ್ಚಿ ತಿಕ್ಕಬಹುದಾ?

ದುರ್ಗದ ಅಕ್ಕ

ತಿಕ್ಕಬೇಡ ತಮ್ಮಾ. ಬೆರಳಲ್ಲಿ ಮೆತ್ತಗೆ ಒತ್ತಿ ಬಿಡು, ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗುತ್ತಿದೆ ಅಂತ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಮಗ್ಗಲಿಗೆ ಮಲಗಿಸಿ ಬೆನ್ನ ಹಿಂದೆ ದಿಂಬು ಕೊಡು, ಒಣಗಿದ ಹಾಗೆ ಇಡು, ನಾಳೆಯೇ ಡಾಕ್ಟರಿಗೆ ತೋರಿಸು. ಗಾಳಿ ತುಂಬುವ ಹಾಸಿಗೆ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ, ಬಾಡಿಗೆಗೂ ಕೊಡುತ್ತಾರಾ ಅಂತ ಕೇಳಿ ನೋಡು. ಹುಣ್ಣು ಬಾಯಿ ಬಿಟ್ಟರೆ ವಾಸಿ ಆಗೋದು ಕಷ್ಟ. ಡಾಕ್ಟರ್ ಏನಂದರು ಅಂತ ಸಂಜೆ ಬರಿ, ಕಾಯುತ್ತಿರುತ್ತೇನೆ.